ಗಾಜಿನ ಸಂದಿಯ ಚಕ್ಕೆ

ಬೆಳಗಿನ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದವಳು ಮೆಕ್ಯಾನಿಕ್ ಕೂಗಿದ್ದು ಕೇಳಿ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದಳು. ಎಂಟು ವರ್ಷದ ಮಗಳು ಹಿಂದೆಯೇ ಬಂದು ನಿಂತಳು. ಗಂಡನ ಸಮೇತ ನಾಲೆಗೆ ಬಿದ್ದಿದ್ದ ಹಳೆಯ ಕಾರನ್ನು ಮೇಲೆತ್ತಿ ಮೂರು ತಿಂಗಳಾಗಿತ್ತು. ಮಾರುವ ಮೊದಲು ಸ್ಟೇರಿಂಗ್ ಕಡೆಯ ಬಾಗಿಲ ಗಾಜು ಸರಿಮಾಡಿಸಬೇಕಿತ್ತು. ಪೇಟೆಯಿಂದ ಬಂದ ಮೆಕ್ಯಾನಿಕ್‌ಗೆ ನಾಲೆಯ ವಿಷಯ ಗೊತ್ತಿರಲಿಲ್ಲ.

"ಒಳಗೆ ಗ್ಲಾಸ್ ಎತ್ತೋ ಗೇರಿನ ಹಲ್ಲೆಲ್ಲ ಸವೆದೋಗಿತ್ತು ಕಣಕ್ಕ, ಹ್ಯಾಂಡಲ್ ಸುಮ್ನೆ ಸುತ್ತೋದು. ಬೇರೆ ಹಾಕಿದೀನಿ. ಆದ್ರೆ ಗ್ಲಾಸ್ ಜಾರ್ದಂಗೆ ಈ ಚಕ್ಕೆ ಬಡಿದಿದ್ರಲ್ಲ, ಕೀಳೋಕೇ ಅರ್ಧ ಗಂಟೆ ಹಿಡೀತು. ಯಾರಕ್ಕ ಆ ಪೈಲ್ವಾನ್ರು?"

ಅವನು ನಗುತ್ತಾ ಮರದ ಚಕ್ಕೆಯನ್ನು ಎತ್ತಿ ತೋರಿಸಿದ. ಅವಳು ಅದನ್ನು ಕಸಿದುಕೊಂಡು ಸೆರಗಿನಲ್ಲಿ ಮರೆಮಾಡಿದಳು.

"ನಾನೇ."

"ನೀವಾ? ಈ ಕೈಯಲ್ಲಾ?"

"ಹೂಂ ಕಣಪ್ಪ, ನಾನೇ. ಗಾಳಿ ಬರುತ್ತೆ ಅಂತ ಕಲ್ಲು ತಗೊಂಡು ಬಡಿದಿದ್ದೆ. ಬಿಡು, ಆ ಮಾತು ಸಾಕು."

ಅಪ್ಪ ಹೋದ ದಿನದಿಂದ ಬಾಯಿ ಬಿಡದಿದ್ದ ಮಗಳು ಅವಳ ಸೆರಗು ಜಗ್ಗಿದಳು.

"ಯಾಕಮ್ಮ ಸುಳ್ಳು ಹೇಳ್ತೀಯ? ಅಪ್ಪಂಗೆ ಕೆಮ್ಮು ಜಾಸ್ತಿ ಆಗ್ಬಾರ್ದು ಅಂತ ಅದನ್ನ ಬಡಿದಿದ್ದು ನಾನು. ಅದಕ್ಕೇನಾ ಅಪ್ಪಂಗೆ ಗ್ಲಾಸ್ ಇಳ್ಸಿ ಹೊರಗೆ ಬರೋಕಾಗ್ಲಿಲ್ಲ?"