ಆಗಲ್ಲಪ್ಪನ ಮಾತು

ಮೆಟ್ಟಿಲಿನ ತಿರುವಿನಲ್ಲಿ ಬೀರು ಮತ್ತೆ ಸಿಕ್ಕಿಕೊಂಡಾಗ ಅಕ್ಕ ಕೈಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಮನೆ ಸಾಮಾನು ಸಾಗಿಸುವ ಈ ತಂಡವನ್ನು ಅಪ್ಪನ ಕೈಯಿಂದ ವಹಿಸಿಕೊಂಡ ಮೇಲೆ, ಕೆಲಸದ ನಡುವೆ ಅವಳು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಮನೆಯ ಅಜ್ಜಿ ಬೀರುವಿನ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಮೇಲೆ ಹೋಗದಿದ್ದರೆ ಅದು ಗುಜರಿಗೇ ಎಂದು ಮಗ ಆಗಲೇ ಹೇಳಿಬಿಟ್ಟಿದ್ದ.

"ಆಗಲ್ಲ," ಅಂದಳು ಅಕ್ಕ. "ಇಳಿಸ್ರಪ್ಪ."

ಕೆಳಗಿನಿಂದ ಆಗಲ್ಲಪ್ಪ ಗಾಬರಿಯಿಂದ ತಲೆಯೆತ್ತಿದ. ಹೂವಿನ ಕುಂಡ ಎತ್ತಲು ಹೇಳಿದರೂ ಮೊದಲು 'ಆಗಲ್ಲ' ಎನ್ನುವ ಆಸಾಮಿ ಅವನು. ಹೆತ್ತವರಿಟ್ಟ ಹೆಸರನ್ನು ತಂಡದವರು ಮರೆತೇಬಿಟ್ಟಿದ್ದರು.

"ಅಕ್ಕ, ಅದು ನನ್ ಮಾತು," ಎಂದ, ಗಂಟು ಕಳೆದುಕೊಂಡವನಂತೆ. "ನೀವು ಬಿಡಲ್ಲ ಅನ್ನೋ ಧೈರ್ಯದ ಮೇಲೆ ನಾನು ಇಷ್ಟು ದಿನ ಆಗಲ್ಲ ಅಂತಿದ್ದೆ. ನೀವೂ ಶುರು ಹಚ್ಕೊಂಡ್ರೆ ಎತ್ತೋರು ಯಾರು?" ಸದಾ ಹಗುರದ ತುದಿ ಹುಡುಕುತ್ತಿದ್ದವನು ಉಳಿದವರನ್ನು ಸರಿಸಿ ಬೀರುವಿನ ಬುಡಕ್ಕೆ ಹೆಗಲು ಕೊಟ್ಟ. "ಮಲಗಿಸಿದ್ದು ಸಾಕು. ನಿಲ್ಲಿಸಿ ತಿರುಗಿಸೋಣ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕೈಗವಸು ಮತ್ತೆ ಕೈಗೇರಿತು. "ಸರಿ, ಇನ್ನೊಂದ್ಸಲ! ಎತ್ರಪ್ಪ!"

ಬೀರು ಕಿರ್ರೆಂದು ಎದ್ದು ನಿಂತಿತು, ಗೋಡೆಯ ಸುಣ್ಣವನ್ನು ಒಂದಿಷ್ಟು ಕೆರೆದುಕೊಂಡು ತಿರುವು ದಾಟಿತು. ಅದರ ಅಡಿಯಿಂದ ಏದುಸಿರಿನ ನಡುವೆ, ಖುಷಿಯ ದನಿಯೊಂದು ಕೂಗುತ್ತಲೇ ಇತ್ತು: "ಆಗಲ್ಲ ಅಕ್ಕ! ಆಗಲ್ಲ!"