ಲಿಫ್ಟಿನ ಪಕ್ಕದ ಚೀಟಿ

ಈ ಅಪಾರ್ಟ್‌ಮೆಂಟಿಗೆ ಬಂದು ಎರಡು ತಿಂಗಳಾದರೂ ನನಗೆ ಜೊತೆಯಲ್ಲಿ ನುಡಿಸುವವರು ಒಬ್ಬರೂ ಸಿಕ್ಕಿರಲಿಲ್ಲ. ಕೊನೆಗೆ ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿಸಿದೆ: 'ಹವ್ಯಾಸಕ್ಕೆ ಪಿಟೀಲು ನುಡಿಸುತ್ತೇನೆ. ಜೊತೆಗಾರರು ಬೇಕಾಗಿದ್ದಾರೆ.'

ಮೂರನೆಯ ದಿನ, ನನ್ನ ಕೆಳಗಿನ ಮನೆಯ ಕಮಲಾಕ್ಷಮ್ಮ ಆ ಚೀಟಿಯನ್ನು ಕಿತ್ತು ಕೈಯಲ್ಲಿ ಹಿಡಿದೇ ಬಂದರು.

"ಮೂರು ಜನ ಸಿಕ್ಕಿದಾರೆ. ನನ್ನ ಎದುರು ಮನೇಲಿ ಕೊಳಲು, ಪಕ್ಕದ ಮನೇಲಿ ಮೃದಂಗ, ಕೆಳಗಿನ ಮನೇಲಿ ವೀಣೆ. ಎಲ್ಲರನ್ನೂ ಒಪ್ಪಿಸಿಯೇ ಬಂದೆ."

ನನಗೆ ಕುಣಿಯುವಷ್ಟು ಖುಷಿಯಾಯಿತು. "ಹೇಗೆ ನುಡಿಸ್ತಾರೆ?"

"ಕೊಳಲಿನವರಿಗೆ ಮೇಲಕ್ಕೆ ಹೋದಾಗ ಉಸಿರು ಸಾಲಲ್ಲ. ಮೃದಂಗದವರು ನಿಧಾನಕ್ಕೆ ಶುರು ಮಾಡಿ ಬಸ್ಸು ಹಿಡಿಯೋರ ಹಾಗೆ ಓಡ್ತಾರೆ. ವೀಣೆಯವರು ಶ್ರುತಿ ಮಾಡೋದೇ ಅರ್ಧ ಗಂಟೆ. ನೀವು ಆ ವರ್ಣದ ಕೊನೇ ಸಾಲಲ್ಲಿ ದಿನಾ ಎಡವಿ, ಮತ್ತೆ ಮೊದಲಿಂದ ಹಿಡೀತೀರಿ."

ಎಂಥ ಕಿವಿ! ನಾನು ಬೆರಗಾದೆ. "ಯಾರ ಹತ್ರ ಕಲಿತಿದ್ದು ತಾವು?"

"ಕಲಿತಿಲ್ಲಪ್ಪ. ಕೇಳಿ ಕೇಳಿ ಬಂದಿದ್ದು."

"ಹಾಗಾದ್ರೆ ನಮ್ಮ ಮೊದಲ ರಸಿಕರು ನೀವೇ. ದಿನಾ ಸಂಜೆ ನಮ್ಮನೇಲೇ ಸೇರ್ತೀವಿ, ಬಂದುಬಿಡಿ."

"ಅಯ್ಯೋ, ನಿಮಗ್ಯಾಕೆ ತೊಂದರೆ," ಎನ್ನುತ್ತ ಅವರು ಒಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ಮೂರು ಬೀದಿ ಆಚೆ ನನ್ನ ತಮ್ಮನ ಗೋಡೌನ್ ಖಾಲಿ ಇದೆ, ಗುಡಿಸಿಟ್ಟಿದೀನಿ. ನಿನ್ನೆ ಅವನ ಕೈಲಿ ಅಲ್ಲಿ ತಗಡು ಬಡಿಸಿ, ಇಲ್ಲಿ ನಮ್ಮನೇಲಿ ಕೂತು ಕೇಳಿದೆ. ಒಂಚೂರೂ ಕೇಳಿಸಲಿಲ್ಲ."