ಹೂತ ಚೆಂಡು

ಠಕ್ ಎಂದಿತು. ಮರಕ್ಕೆ ಬಡಿಯಿತು ಅಂದುಕೊಂಡ ಗಿಣಿ. ಮರವಲ್ಲ, ಭಾವ, ಅಕ್ಕನ ಗಂಡ. ಅವರು ಗಾಲ್ಫ್ ಮೈದಾನದಲ್ಲಿ ತಳ್ಳುತ್ತಿದ್ದ ಹುಲ್ಲು ಕತ್ತರಿಸುವ ಯಂತ್ರ ಒಂದಷ್ಟು ದೂರ ಒಂಟಿಯಾಗಿ ಹೋಗಿ ನಿಂತಿತು. ಭಾವ ಕಿವಿಯ ಮೇಲೆ ಅಂಗೈ ಒತ್ತಿಕೊಂಡು, ತಟ್ಟಾಡಿ, ಕೂತುಬಿಟ್ಟರು. ತಲೆಗೆ ಬಡಿದ ಗಾಲ್ಫ್ ಚೆಂಡು ಮೇಲಕ್ಕೆ ಚಿಮ್ಮಿ, ನೀರು ಬಿಟ್ಟು ಕೆಸರಾಗಿದ್ದ ಜಾಗದಲ್ಲಿ ಪಚಕ್ಕನೆ ಬಿತ್ತು.

"ಏನಪ್ಪಾ, ಜೋರಾಗಿ ಬಿತ್ತಾ?" ಚೆಂಡು ಹೊಡೆದ ಬಿಲ್ಡರ್ ದೂರದಿಂದಲೇ ಕೇಳಿದರು.

"ಏನೂ ಆಗಿಲ್ಲ ಸಾರ್." ಭಾವ ಅಂಗೈ ತೆಗೆದು ತೋರಿಸಿದರು. ರಕ್ತವಿರಲಿಲ್ಲ. ರಕ್ತ ಕಾಣದ್ದಕ್ಕೆ ಎಲ್ಲರಿಗೂ ನೆಮ್ಮದಿಯಾಯಿತು, ಗಿಣಿಗೂ. ಭಾವ ತಾವೇ ಎದ್ದು ಹೋಗಿ ಬ್ಯಾಟರಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತರು. ಗಿಣಿ ಬಿಲ್ಡರ್ ಅವರ ಗಾಲ್ಫ್ ಕೋಲುಗಳ ಚೀಲ ಹೊತ್ತು ಚೆಂಡಿನತ್ತ ಓಡಿದ. ಚೀಲ ಹೊರುವುದು ಅವನ ಕೆಲಸ. ದನಿ ಕದಿಯುವುದು ಅವನ ಚಾಳಿ. ಯಾರ ಮಾತನ್ನೇ ಆಗಲಿ ಒಮ್ಮೆ ಕೇಳಿದರೆ ಸಾಕು, ಕೆಮ್ಮು ಕ್ಯಾಕರಿಕೆ ಸಮೇತ ಒಪ್ಪಿಸುತ್ತಿದ್ದ. ಅದಕ್ಕೇ ಗಿಣಿ.

ಚೆಂಡು ಅರ್ಧಕ್ಕರ್ಧ ಹೂತಿತ್ತು. ಕಪ್ಪು ಕೆಸರಿನಲ್ಲಿ ಬೆಳ್ಳಗೆ, ಕಣ್ಣುಗುಡ್ಡೆಯ ಹಾಗೆ.

"ಹೂತಿದೆ. ದಂಡ ಇಲ್ಲದೆ ಎತ್ತಿ, ಪಕ್ಕದಲ್ಲಿ ಬಿಟ್ಟು ಹೊಡೀಬಹುದು," ಎಂದರು ಬಿಲ್ಡರ್. ಅದು ಫೈನಲ್ ಪಂದ್ಯ, ಕೊನೆಯ ಕುಳಿ. ಇಬ್ಬರೂ ಸರಿಸಮ.

ಎದುರಾಳಿ ವಕೀಲರು ಬಗ್ಗಿ ನೋಡಿದರು. "ತಾನಾಗಿ ಬಿದ್ದು ಹೂತಿದ್ರೆ ಸರಿ. ಏಟು ತಿಂದೋನು ತಟ್ಟಾಡುವಾಗ ತುಳಿದಿದ್ರೆ? ಕಾಲು ತುಳಿದು ಹೂತ ಚೆಂಡಿಗೆ ಈ ರೂಲು ನಡೆಯಲ್ಲ. ಇಲ್ನೋಡಿ, ಬೂಟಿನ ಗುರುತು."

"ಅದು ಗೇಣು ದೂರ ಇದೆಯಲ್ರೀ."

"ತಲೆ ತಿರುಗಿದೋರು ಅಳತೆ ನೋಡಿ ಕಾಲಿಡ್ತಾರಾ?"

ಬಿಲ್ಡರ್ ಇತ್ತ ತಿರುಗಿದರು. "ಏ ಗಿಣಿ, ನಮ್ಮ ಕ್ಲಬ್ ಸೆಕ್ರೆಟರಿ ಇದಕ್ಕೆ ಏನಂತಾರೆ, ಹೇಳೋ."

ಗಿಣಿ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡ. ಗಂಟಲು ಬಿಟ್ಟು ಮೂಗಿನಲ್ಲೇ ಶುರುಮಾಡಿದ: "ನೋಡೀಪ್ಪಾ, ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದೋರಿಗೆ ಪ್ರಪಂಚದಲ್ಲಿ ಎಲ್ಲೂ ಮಾಫಿ ಇಲ್ಲ. ನಮ್ಮ ಗಾಲ್ಫಲ್ಲಿ ಮಾತ್ರ ಇದೆ."

ಬಿಲ್ಡರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ವಕೀಲರೂ ನಕ್ಕರು. ಗಾಡಿಯಲ್ಲಿ ಕೂತಿದ್ದ ಭಾವನೂ ನಕ್ಕು, ನಕ್ಕಿದ್ದು ತಪ್ಪಾಯಿತು ಎಂಬಂತೆ ಕಣ್ಣು ಮುಚ್ಚಿಕೊಂಡರು.

"ಗಿಣಿ ತೀರ್ಪು ಅಪೀಲಿನಲ್ಲಿ ನಿಲ್ಲಲ್ಲ," ಎಂದರು ವಕೀಲರು. "ಅಸಲಿ ಸೆಕ್ರೆಟರಿನೇ ಬರಲಿ. ಅಲ್ಲೀವರೆಗೆ ಯಾರೂ ಏನೂ ಮುಟ್ಟಬೇಡಿ."

ಗಿಣಿಗೆ ನಗಿಸಿದ ಅಮಲು ಇನ್ನೂ ಇಳಿದಿರಲಿಲ್ಲ. "ನಾನೇ ಗಾಡಿ ತಗೊಂಡು ಹೋಗಿ ಕರ್ಕೊಂಡು ಬರ್ತೀನಿ ಸಾರ್," ಎಂದ. ಇದ್ದದ್ದು ಅದೊಂದೇ ಗಾಡಿ. "ಭಾವ, ಒಂಚೂರು ಇಳೀತೀರಾ?"

ಭಾವ ಇಳಿದರು. ಕಂಬಿ ಹಿಡಿದ ಕೈ ಮಾತ್ರ ತಡವಾಗಿ ಇಳಿಯಿತು. "ಓಗ್ಬಾ. ನಂಗೇಲೂ ಆಗಿಲ್ಲ."

'ಏನೂ' ಹೋಗಿ 'ಏಲೂ' ಆಗಿತ್ತು. ಗಿಣಿಯ ಕಿವಿ ಅದನ್ನು ಥಟ್ಟನೆ ಹಿಡಿದು ಒಳಗಿಟ್ಟುಕೊಂಡಿತು. ಸಂಜೆ ಅಕ್ಕನ ಮುಂದೆ ಮಾಡಿ ತೋರಿಸಿದರೆ ಬಿದ್ದು ಬಿದ್ದು ನಗುತ್ತಾಳೆ ಅಂದುಕೊಂಡು ಗಾಡಿ ಓಡಿಸಿದ.

ಸೆಕ್ರೆಟರಿ ಊಟ ಮುಗಿಸಿ, ಕೈ ತೊಳೆದು, ರೂಲಿನ ಪುಸ್ತಕ ಹುಡುಕಿ ಹೊರಟರು. ಇವರು ಬಂದಾಗ ಭಾವ ಮರದ ನೆರಳಿನಲ್ಲಿ ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿದ್ದರು. "ಮಲಗಿದಾನೆ, ಎಬ್ಬಿಸಬೇಡಿ ಪಾಪ," ಎಂದರು ಬಿಲ್ಡರ್, ದನಿ ತಗ್ಗಿಸಿ. ಸೆಕ್ರೆಟರಿ ಕರವಸ್ತ್ರ ಹಾಸಿ ಕೆಸರಿನಲ್ಲಿ ಮಂಡಿಯೂರಿದರು. ಗುರುತಿಗೆ ಕಡ್ಡಿ ಚುಚ್ಚಿ, ಎರಡೇ ಬೆರಳಲ್ಲಿ ಚೆಂಡು ಎತ್ತಿ, ಅದು ಬಿಟ್ಟುಹೋದ ಗುಂಡಿಯನ್ನು ತುಂಬಾ ಹೊತ್ತು ನೋಡಿದರು. ನಾಡಿ ನೋಡುವವರ ಮುಖ.

"ಅಂಚು ಗುಂಡಗಿದೆ. ತುಳಿದದ್ದಲ್ಲ. ಎತ್ತಿ ಬಿಡಬಹುದು."

ಬಿಲ್ಡರ್ ಚೆಂಡು ಒರೆಸಿ, ನಿಯಮದ ಪ್ರಕಾರ ಮಂಡಿಯ ಎತ್ತರದಿಂದ ಬಿಟ್ಟರು. ಅದು ಒಂದು ಸುತ್ತು ಉರುಳಿ ಒಳ್ಳೆಯ ಹುಲ್ಲಿನ ಮೇಲೆ ನಿಂತಿತು. ಗಿಣಿ ಮರದತ್ತ ಹೋದ. "ಭಾವ, ನಿಮ್ಮ ಬೂಟಿಂದೇನೂ ತಪ್ಪಿಲ್ವಂತೆ, ಏಳಿ," ಎಂದು ಟೋಪಿ ಎತ್ತಿದ.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲು ತೆರೆದು ಹೊರಗೆ ಬಂದು, ಭಾವ ಹೋಗಿಬಿಟ್ಟರು ಎಂದರು. ತಲೆಯೊಳಗೇ ರಕ್ತ ಸುರಿದಿತ್ತಂತೆ. "ಏಟು ಬಿದ್ದ ತಕ್ಷಣ ತಂದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿ ಹೋದರು. ಅಕ್ಕ ಅಳಲಿಲ್ಲ. ಭಾವನ ಬೂಟುಗಳಿದ್ದ ಪ್ಲಾಸ್ಟಿಕ್ ಚೀಲ ಅವಳ ಕೈಯಲ್ಲಿ ಚರಪರ ಅನ್ನುತ್ತಿತ್ತು.

"ತಡ ಯಾಕಾಯ್ತು? ಒಂದು ಮಾತೂ ಬಿಡದೆ ಹೇಳು."

ಗಿಣಿ ಹೇಳಿದ. ಬಿಲ್ಡರ್ ಮಾತು ಬಿಲ್ಡರ್ ದನಿಯಲ್ಲೇ ಬಂತು, ವಕೀಲರದು ವಕೀಲರದರಲ್ಲಿ, ಸೆಕ್ರೆಟರಿಯದು ಮೂಗಿನಲ್ಲಿ. ಬೇಕೆಂದು ಮಾಡಿದ್ದಲ್ಲ. ಅವನ ಗಂಟಲಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಹಾದುಹೋದ ನರ್ಸ್ ಅಲ್ಲಿ ಎಷ್ಟು ಜನರಿದ್ದಾರೆಂದು ತಿರುಗಿ ನೋಡಿದಳು.

"ಅವರೆಲ್ಲ ಅಂದದ್ದಾಯ್ತು," ಎಂದಳು ಅಕ್ಕ. "ನೀನೇನಂದೆ?"

ಗಿಣಿ ಬಾಯಿ ತೆರೆದ. ಭಾವನನ್ನು ಗಾಡಿಯಿಂದ ಇಳಿಸಿದ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಹೂತುಕೊಂಡಿತು. ಅದರ ಬದಲು ಭಾವನ ದನಿ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

"ಓಗ್ಬಾ. ನಂಗೇಲೂ ಆಗಿಲ್ಲ."

ಅಕ್ಕನ ಕೈಯಲ್ಲಿ ಚೀಲದ ಸದ್ದು ನಿಂತಿತು.

"ಆಗಲೇ ಹೀಗೆ ತೊದಲ್ತಿದ್ರಾ?"